‘ಕರ್ತನ ಮನೆ ಸೇರಿದರು’ ಅಂದ ಮೇಲೂ ಬಾಕಿ ಇರುವುದೇನು?

ಪರಲೋಕದ ನಿರೀಕ್ಷೆಯ ಬಗ್ಗೆ ಓದುತ್ತಿರುವವರಿಗೆ ಈ ಟಿಪ್ಪಣಿ. ಯೋಹಾನ 14, 2 ಕೊರಿಂಥ 5, 1 ಥೆಸಲೋನಿಕ 4, ಪ್ರಕಟನೆ 21, ಈ ನಾಲ್ಕು ಅಧ್ಯಾಯ ಪಕ್ಕದಲ್ಲಿ ಇಟ್ಟುಕೊಳ್ಳಿ. ಯೇಸು ಸತ್ತು ಎದ್ದನು ಅನ್ನುವುದನ್ನು ಇಲ್ಲಿ ವಿವರಿಸುವುದಿಲ್ಲ. ಮಿಕ್ಕಿದ್ದೆಲ್ಲ ಅದರ ಮೇಲೇ ನಿಂತಿದೆ.

ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ‘ಕರ್ತನ ಮನೆ ಸೇರಿದರು’ ಅನ್ನುತ್ತೇವೆ. ಅಜ್ಜಿ ಹೋದಾಗ ಮನೆಗೆ ಬಂದವರೆಲ್ಲ ಕೈ ಹಿಡಿದು ಹೇಳಿದ್ದೂ ಅದನ್ನೇ. ಮಾತು ನಿಜ, ಆ ಹೊತ್ತಿಗೆ ಬೇಕಾದದ್ದೂ ಹೌದು. ಆದರೆ ಭಾನುವಾರದ ವಿಶ್ವಾಸ ಪ್ರಮಾಣದಲ್ಲಿ ‘ಸತ್ತ ಮೇಲೆ ಪರಲೋಕಕ್ಕೆ ಹೋಗುತ್ತೇನೆ’ ಎಂದು ನಾವು ಹೇಳುವುದಿಲ್ಲ, ಅಲ್ವಾ? ಶರೀರದ ಪುನರುತ್ಥಾನವನ್ನೂ ನಿತ್ಯಜೀವವನ್ನೂ ನಂಬುತ್ತೇನೆ ಅನ್ನುತ್ತೇವೆ. ಅಜ್ಜಿ ಆಗಲೇ ಮನೆ ಸೇರಿದ್ದರೆ ಸಮಾಧಿಯಿಂದ ಎದ್ದು ಬರುವುದು ಯಾಕೆ? ನನಗೆ ಕಗ್ಗಂಟಾದದ್ದು ಇದೇ.

ಈಗ ಅವರು ಎಲ್ಲಿದ್ದಾರೆ?

ಇದು ಬೇಗ ಮುಗಿಯುತ್ತದೆ. ಶಿಲುಬೆಯ ಮೇಲಿದ್ದ ಕಳ್ಳನಿಗೆ ಯೇಸು, ಇವತ್ತೇ ನನ್ನ ಸಂಗಡ ಪರದೈಸಿನಲ್ಲಿ ಇರುತ್ತೀ ಅಂದನು (ಲೂಕ 23:43). ಪೌಲನು ಸೆರೆಯಲ್ಲಿದ್ದು ಬರೆದ ಪತ್ರದಲ್ಲಿ, ಇಲ್ಲಿಂದ ಹೊರಟು ಕ್ರಿಸ್ತನ ಜೊತೆ ಇರಲು ಆಸೆ ಅನ್ನುತ್ತಾನೆ (ಫಿಲಿಪ್ಪಿ 1:23). ದೇಹವನ್ನು ಬಿಟ್ಟು ಕರ್ತನ ಬಳಿ ಇರುವುದು ಮೇಲು ಅನ್ನುತ್ತಾನೆ (2 ಕೊರಿಂಥ 5:8). ಜಾಗದ ವರ್ಣನೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಯಾರ ಜೊತೆ ಅನ್ನುವುದಷ್ಟೇ ಇದೆ. ನನಗೆ ಅಷ್ಟು ಸಾಕು.

ಎಲ್ಲ ಸಭೆಗಳೂ ಇದನ್ನು ಒಂದೇ ಥರ ಕಲಿಸುವುದಿಲ್ಲ. ಸೆವೆಂತ್ ಡೇ ಅಡ್ವೆಂಟಿಸ್ಟರು, ಸತ್ತವರು ಪುನರುತ್ಥಾನದವರೆಗೆ ಅರಿವಿಲ್ಲದೆ ನಿದ್ರಿಸುತ್ತಾರೆ ಅನ್ನುತ್ತಾರೆ. ಕಥೋಲಿಕರು ತೀರಿಕೊಂಡವರಿಗಾಗಿ ಪ್ರಾರ್ಥಿಸುತ್ತಾರೆ. ನವೆಂಬರ್ 2ರಂದು ಅವರ ಸಮಾಧಿಗಳ ಮೇಲೆ ಹೂವು, ಮೇಣದ ಬತ್ತಿ ನೋಡಿರುತ್ತೀರಿ.

ಡೇರೆ ಬಿಚ್ಚಿದ ಮೇಲೆ

2 ಕೊರಿಂಥ 5ರಲ್ಲಿ ಪೌಲ ನಮ್ಮ ದೇಹವನ್ನು ಡೇರೆ ಅನ್ನುತ್ತಾನೆ. ಡೇರೆ ಹೊಲಿಯುವುದೇ ಅವನ ಕಸುಬು (ಅಪೊಸ್ತಲರ ಕೃತ್ಯಗಳು 18:3). ಈ ಡೇರೆ ಬಿದ್ದುಹೋದರೂ ದೇವರು ಕೊಡುವ ಶಾಶ್ವತವಾದ ಮನೆ ಇದೆ ಅನ್ನುತ್ತಾನೆ. ಸಾಮಾನ್ಯವಾಗಿ ಇಲ್ಲಿಗೇ ಓದು ನಿಲ್ಲಿಸಿಬಿಡುತ್ತೇವೆ. ಇನ್ನೂ ಮೂರು ವಾಕ್ಯ ಮುಂದೆ ಹೋಗಿ. ನನಗೆ ಬೆತ್ತಲೆಯಾಗಿ ಇರಲು ಇಷ್ಟವಿಲ್ಲ, ಮೇಲೆ ಇನ್ನೊಂದನ್ನು ತೊಟ್ಟುಕೊಳ್ಳಬೇಕು, ಸಾಯುವಂಥದ್ದನ್ನು ಜೀವವೇ ನುಂಗಿಬಿಡಬೇಕು ಅನ್ನುತ್ತಾನೆ. ಅಂದರೆ ದೇಹವಿಲ್ಲದೆ ಕರ್ತನ ಬಳಿ ಇರುವುದು ಒಳ್ಳೆಯದೇ. ಆದರೆ ಪೌಲನ ಕಣ್ಣು ಅದನ್ನೂ ದಾಟಿ ಹೊಸ ದೇಹದ ಮೇಲಿದೆ.

ಪ್ರಕಟನೆ 6:9-11 ಓದಿದಾಗ ಇದು ಗಟ್ಟಿಯಾಯಿತು. ದೇವರಿಗಾಗಿ ಪ್ರಾಣ ಕೊಟ್ಟವರು ಯಜ್ಞವೇದಿಯ ಕೆಳಗಿದ್ದಾರೆ. ದೇವರ ಸನ್ನಿಧಿಯಲ್ಲೇ ಇದ್ದಾರೆ. ಆದರೂ ‘ಇನ್ನೆಷ್ಟು ಕಾಲ?’ ಎಂದು ಕೂಗುತ್ತಾರೆ! ಅವರಿಗೆ ಬಿಳೀ ನಿಲುವಂಗಿ ಕೊಟ್ಟು, ಇನ್ನು ಸ್ವಲ್ಪ ಕಾಲ ವಿಶ್ರಮಿಸಿಕೊಳ್ಳಿ ಅನ್ನಲಾಗುತ್ತದೆ. ಇಬ್ರಿಯ 11:40ರ ಪ್ರಕಾರ ಹಿಂದಿನ ಕಾಲದ ಭಕ್ತರೂ ನಮ್ಮನ್ನು ಬಿಟ್ಟು ಪೂರ್ಣರಾಗುವುದಿಲ್ಲ. ನಾವಷ್ಟೇ ಅವರನ್ನು ಕಾಯುತ್ತಿಲ್ಲ. ಅಜ್ಜಿಯೂ ಕಾಯುತ್ತಿದ್ದಾಳೆ. ಪ್ರಭುವಿನ ಬಳಿ, ನೋವಿಲ್ಲದೆ, ಆದರೂ ಕಾಯುತ್ತಾ. ಇದು ತಿಳಿದಾಗ ಅವಳು ನನಗೆ ಇನ್ನೂ ಹತ್ತಿರವಾದಳು.

ಮೇಲಕ್ಕೋ, ಕೆಳಕ್ಕೋ?

ತುಂಬಾ ಹೊತ್ತು ಹಿಡಿದದ್ದು ಇಲ್ಲಿ. 1 ಥೆಸಲೋನಿಕ 4:17ರಲ್ಲಿ ನಾವು ಮೇಘಗಳಲ್ಲಿ ಮೇಲಕ್ಕೆ ಒಯ್ಯಲ್ಪಡುತ್ತೇವೆ. ಪ್ರಕಟನೆ 21:2ರಲ್ಲಿ ಹೊಸ ಯೆರೂಸಲೇಮು ಪರಲೋಕದಿಂದ ಕೆಳಕ್ಕೆ ಇಳಿದು ಬರುತ್ತದೆ. ನಾವು ಮೇಲೆ ಹೋಗುತ್ತೇವೆ, ಊರು ಕೆಳಗೆ ಬರುತ್ತದೆ. ಹಾಗಾದರೆ ಕೊನೆಗೆ ನಮ್ಮ ಮನೆ ಎಲ್ಲಿ?

ಮೊದಲು ಥೆಸಲೋನಿಕ ಪತ್ರದ ಹಿನ್ನೆಲೆ. ಪೌಲ ಇದನ್ನು ಬರೆದದ್ದು ಕ್ರಿ.ಶ. 50ರ ಆಸುಪಾಸಿನಲ್ಲಿ, ಬಹುಶಃ ಕೊರಿಂಥದಿಂದ. ಮಕೆದೋನ್ಯದ ಥೆಸಲೋನಿಕ ಪಟ್ಟಣದ ಆ ಸಭೆ ಹುಟ್ಟಿ ಹೆಚ್ಚು ಕಾಲ ಆಗಿರಲಿಲ್ಲ. ಅಷ್ಟರಲ್ಲಿ ಅವರಲ್ಲಿ ಕೆಲವರು ತೀರಿಕೊಂಡರು. ಕರ್ತನು ಬರುವ ದಿನ ಇವರಿಗೆ ತಪ್ಪಿಹೋಯಿತಾ ಎಂಬ ಸಂಕಟ ಅವರಿಗೆ. ಪೌಲನ ಉತ್ತರ: ಇಲ್ಲ, ಸತ್ತವರೇ ಮೊದಲು ಏಳುತ್ತಾರೆ. ಆಮೇಲೆ ಉಳಿದ ನಾವು ಅವರ ಜೊತೆಗೇ ಸೇರಿ ಕರ್ತನನ್ನು ಎದುರುಗೊಳ್ಳುತ್ತೇವೆ.

ಎದುರುಗೊಳ್ಳುವುದು ಅಂದರೆ ಹೇಗೆ? ಹಳ್ಳಿ ಮದುವೆಗೆ ಗಂಡಿನ ಕಡೆಯ ದಿಬ್ಬಣ ಬರುವುದನ್ನು ನೆನಪಿಸಿಕೊಳ್ಳಿ. ಹೆಣ್ಣಿನ ಕಡೆಯವರು ಸುಮ್ನೆ ಮನೆಯಲ್ಲಿ ಕೂತಿರುವುದಿಲ್ಲ. ವಾದ್ಯದ ಜೊತೆ ಊರ ಬಾಗಿಲಿಗೆ ಹೋಗುತ್ತಾರೆ, ಪಾನಕ ಕೊಡುತ್ತಾರೆ, ಆರತಿ ಎತ್ತುತ್ತಾರೆ. ಆಮೇಲೆ ಎಲ್ಲರೂ ಒಟ್ಟಿಗೆ ಊರೊಳಕ್ಕೇ ಬರುತ್ತಾರೆ. ಎದುರುಗೊಳ್ಳಲು ಹೋದವರು ಅಲ್ಲಿಂದಲೇ ಗಂಡಿನ ಊರಿಗೆ ಬಸ್ಸು ಹತ್ತುವುದಿಲ್ಲ.

ಬೈಬಲಿನಲ್ಲೇ ಇಂಥ ದೃಶ್ಯಗಳಿವೆ. ಮತ್ತಾಯ 25ರಲ್ಲಿ ಕನ್ಯೆಯರು ದೀಪ ಹಿಡಿದು ಹೊರಗೆ ಹೋಗುವುದು ಮದಲಿಂಗನ ಜೊತೆ ಮದುವೆಯ ಮನೆಯೊಳಕ್ಕೆ ಬರುವುದಕ್ಕೆ. ಅಪೊಸ್ತಲರ ಕೃತ್ಯಗಳು 28:15 ನನಗೆ ಇನ್ನೂ ಇಷ್ಟ. ಕೈದಿಯಾಗಿ ಬರುತ್ತಿದ್ದ ಪೌಲನನ್ನು ಎದುರುಗೊಳ್ಳಲು ರೋಮಿನ ವಿಶ್ವಾಸಿಗಳು ಅಪ್ಪಿಯ ಪೇಟೆಯ ತನಕ ಬಂದರು. ಅದು ಸುಮಾರು 65 ಕಿಲೋಮೀಟರ್ ದಾರಿ. ಅವರನ್ನು ನೋಡಿದ ಪೌಲ ದೇವರಿಗೆ ಸ್ತೋತ್ರ ಮಾಡಿ ಧೈರ್ಯ ತಂದುಕೊಂಡ. ಮುಂದಿನ ದಾರಿ ರೋಮಿಗೆ, ಅಂದರೆ ಅವರ ಊರಿಗೇ.

ಹೀಗೆ ಓದಿದರೆ ಮೇಲಕ್ಕೂ ಕೆಳಕ್ಕೂ ಜಗಳವಿಲ್ಲ. ನಾವು ಮೇಲೆ ಹೋಗುವುದು ಬರುತ್ತಿರುವವನನ್ನು ಕರೆದುಕೊಂಡು ಬರುವುದಕ್ಕೆ. ಪ್ರಕಟನೆ 21:3ರಲ್ಲಿ ದೇವರ ವಾಸ ಮನುಷ್ಯರ ನಡುವೆಯೇ ಆಗುತ್ತದೆ. ಕಣ್ಣೀರು ಒರೆಸುವ ಮಾತು ಬರುವುದು ಅದರ ಮುಂದಿನ ವಾಕ್ಯದಲ್ಲಿ. ‘ನಿನ್ನ ರಾಜ್ಯವು ಬರಲಿ’ ಎಂದು ದಿನಾ ಪ್ರಾರ್ಥಿಸುವವರು ನಾವು. ಬೈಬಲಿನ ಕೊನೆಯ ಪ್ರಾರ್ಥನೆಯೂ ‘ಕರ್ತನಾದ ಯೇಸುವೇ, ಬಾ’ ಅಂತಲೇ ಇದೆ. ಪೆಂತೆಕೊಸ್ತ್ ಮತ್ತು ಬ್ರದರನ್ ಸಭೆಗಳಲ್ಲಿ ಅನೇಕರು 1 ಥೆಸಲೋನಿಕ 4:17ನ್ನು ಬೇರೆ ಥರ ಓದುತ್ತಾರೆ. ಸಭೆ ಮೊದಲು ಎತ್ತಲ್ಪಟ್ಟು ಕರ್ತನ ಜೊತೆ ಪರಲೋಕಕ್ಕೆ ಹೋಗುತ್ತದೆ, ಆಮೇಲೆ ಅವನ ಜೊತೆ ಹಿಂದಿರುಗುತ್ತದೆ ಅನ್ನುತ್ತಾರೆ. ಅವರ ಹತ್ತಿರವೂ ಕೇಳಿ ಓದಿ. ಕೊನೆಯಲ್ಲಿ ಹೊಸ ಆಕಾಶ, ಹೊಸ ಭೂಮಿ ಅನ್ನುವುದರಲ್ಲಿ ನಮಗೂ ಅವರಿಗೂ ವ್ಯತ್ಯಾಸವಿಲ್ಲ.

ನಾನು ಬಳಸುವ ಒಂದು ಸುಲಭ ದಾರಿ ಇದೆ. ಯಾವ ವಾಕ್ಯ ಬಂದರೂ ಮೂರು ಪ್ರಶ್ನೆ ಕೇಳಿ. ಇದು ಯಾವಾಗ? ದೇಹ ಇದೆಯಾ? ಯಾರು ಯಾರ ಕಡೆಗೆ ಬರುತ್ತಿದ್ದಾರೆ? ಯೋಹಾನ 14:3ಕ್ಕೆ ಹಾಕಿ ನೋಡಿ. ಸ್ಥಳ ಸಿದ್ಧಮಾಡಲು ಹೋದವನೇ ತಿರುಗಿ ಬಂದು ನಮ್ಮನ್ನು ಸೇರಿಸಿಕೊಳ್ಳುತ್ತಾನೆ. ಅಲ್ಲೂ ಬರುವವನು ಅವನೇ.

ಅಳಬಹುದಾ, ಗುರುತು ಸಿಗುತ್ತಾ?

ಅಳಬಹುದು. ಪೌಲ 1 ಥೆಸಲೋನಿಕ 4:13ರಲ್ಲಿ ದುಃಖಪಡಲೇಬೇಡಿ ಅನ್ನುವುದಿಲ್ಲ, ನಿರೀಕ್ಷೆ ಇಲ್ಲದವರ ಹಾಗೆ ದುಃಖಪಡಬೇಡಿ ಅನ್ನುತ್ತಾನೆ. ಸತ್ತುಹೋಗಿದ್ದ ಲಾಜರನನ್ನು ಎಬ್ಬಿಸಲು ಹೊರಟಿದ್ದ ಯೇಸುವೇ ದಾರಿಯಲ್ಲಿ ಕಣ್ಣೀರು ಬಿಟ್ಟನು. ಹಾಗಾಗಿ ಸಾವಿನ ಮನೆಯಲ್ಲಿ ‘ಅಳಬೇಡಿ, ಮನೆ ಸೇರಿದರಲ್ಲಾ’ ಎಂದು ಬಾಯಿ ಮುಚ್ಚಿಸುವುದು ನನಗೆ ಸರಿ ಕಾಣುವುದಿಲ್ಲ.

ಗುರುತು ಸಿಗುತ್ತದೆ ಅಂತಲೇ ನನ್ನ ನಂಬಿಕೆ. ಎದ್ದು ಬಂದ ಯೇಸುವನ್ನು ಮಗ್ದಲದ ಮರಿಯಳು ಮೊದಲು ತೋಟಗಾರ ಅಂದುಕೊಂಡಳು. ಹೆಸರು ಹಿಡಿದು ಕರೆದಾಗ ಗೊತ್ತಾಯಿತು. ಕೈಯಲ್ಲಿ ಗಾಯದ ಗುರುತೂ ಇತ್ತು. ಅವನ ಮಹಿಮೆಯ ದೇಹದ ಹಾಗೆಯೇ ನಮ್ಮ ದೇಹವೂ ಆಗುತ್ತದೆ ಎಂದು ಫಿಲಿಪ್ಪಿ 3:21 ಹೇಳುತ್ತದೆ. ಹೊಸ ದೇಹ ಎಂಥದ್ದು ಎಂಬ ಪ್ರಶ್ನೆಗೆ 1 ಕೊರಿಂಥ 15ನ್ನು 35ನೇ ವಾಕ್ಯದಿಂದ ಓದಿ. ಬಿತ್ತಿದ ಕಾಳಿನ ಮಾತು ಅಲ್ಲಿದೆ. ಆತುರಪಡದೆ 58ನೇ ವಾಕ್ಯದವರೆಗೂ ಹೋಗಿ.