ಲಾಸ್ಕರ್ ಡಿಫೆನ್ಸ್: ಸಿ8ರ ಒಂಟೆಗೆ ದಾರಿ ಬಿಡಿಸುವುದು ಹೇಗೆ?

ಚದುರಂಗದ ಕ್ವೀನ್ಸ್ ಗ್ಯಾಂಬಿಟ್ ಡಿಕ್ಲೈನ್ಡ್ ಎಂಬ ಆರಂಭದಲ್ಲಿ ಕಪ್ಪಿಗೆ ಕೊನೆಯವರೆಗೂ ಕಾಡುವ ಕಾಯಿ ಸಿ8ರ ಒಂಟೆ (ಅಕ್ಷರ ಹಲಗೆಯ ನಿಲುಸಾಲು, ಅಂಕಿ ಅಡ್ಡಸಾಲು). ಇ6ರಲ್ಲಿ ಕೂತ ಸ್ವಂತ ಕಾಲಾಳೇ ಅದಕ್ಕೆ ಅಡ್ಡ. ಈ ಇಕ್ಕಟ್ಟಿಗೆ ಅದೇ ಆರಂಭದಲ್ಲಿ ಕಪ್ಪು ಆಡುವ ಲಾಸ್ಕರ್ ಡಿಫೆನ್ಸ್ ಒಳ್ಳೆಯ ಉತ್ತರ. 'ಡ್ರಾ ಮಾಡಿಕೊಳ್ಳುವವರ ಆಟ' ಎಂದು ಅದನ್ನು ಬದಿಗಿಡುವವರು 2010ರ ವಿಶ್ವ ಚಾಂಪಿಯನ್‌ಷಿಪ್‌ನ 12ನೇ ಆಟವನ್ನು ಹಲಗೆಯ ಮೇಲೆ ಆಡಿ ನೋಡಬೇಕು. ಸೋಫಿಯಾದಲ್ಲಿ ಆ ಆಟಕ್ಕೆ ಮೊದಲು ಅಂಕ 5.5–5.5. ಬಲ್ಗೇರಿಯಾದ ವೆಸೆಲಿನ್ ಟೊಪಲೊವ್ ಬಿಳಿ, ವಿಶ್ವನಾಥನ್ ಆನಂದ್ ಕಪ್ಪು.

ಬಿಳಿ ಒಂಟೆ ಜಿ5ಕ್ಕೆ ಬಂದೊಡನೆ ಆನಂದ್ ಎಚ್6 ಆಡಿ ಅದನ್ನು ಎಚ್4ಕ್ಕೆ ಕಳಿಸಿದರು. ಎಚ್7ರ ಕಾಲಾಳು ಮುಂದೆ ಗುರಿಯಾಗದಿರಲಿ ಎಂದೇ ಈ ನಡೆ. 7ನೇ ನಡೆಯಲ್ಲಿ ಕುದುರೆ ಇ4ಕ್ಕೆ ಜಿಗಿಯಿತು. ಲಾಸ್ಕರ್ ಡಿಫೆನ್ಸಿನ ಗುರುತು ಇದೇ. ಇ7ರಲ್ಲಿ ಒಂಟೆಗಳು, ಸಿ3ರಲ್ಲಿ ಕುದುರೆಗಳು ಬದಲಾದವು. ಕಾಯಿ ಕಡಿಮೆಯಾದಷ್ಟೂ ಇಕ್ಕಟ್ಟಾದ ಪಾಳಯಕ್ಕೆ ಉಸಿರು.

ಕಲಿಯುವವರು ಎಡವುವುದು ಮುಂದಿನ ಹೆಜ್ಜೆಯಲ್ಲಿ. ಸಿ4ರ ಕಾಲಾಳನ್ನು ಅವಸರದಲ್ಲಿ ಹೊಡೆಯಬಾರದು. 10ನೇ ನಡೆಯಲ್ಲಿ ಬಿಳಿ ಒಂಟೆ ಇ2ಕ್ಕೆ ಬರುವವರೆಗೆ ಆನಂದ್ ಕಾದರು, 11ರಲ್ಲಿ ಹೊಡೆದರು. ಸಿ4 ಮುಟ್ಟಲು ಆ ಒಂಟೆಗೆ ಎರಡು ನಡೆ ಬೇಕಾಯಿತು. ಉಳಿದ ಒಂದು ನಡೆ ಕಪ್ಪಿನದು. ಬಳಿಕ ಕುದುರೆ ಡಿ7ಕ್ಕೆ, ಆಮೇಲೆ ಕಾಲಾಳುಗಳು ಬಿ6ಕ್ಕೆ, ಸಿ5ಕ್ಕೆ. ಬಿ6 ಆಡಿ ಸಿ5 ತಳ್ಳಲಾಗದಿದ್ದರೆ ಸಿ6ರ ಕಾಲಾಳು ಹಿಂದುಳಿದು ಹೊರೆಯಾಗುತ್ತದೆ.

ಇದಕ್ಕೆ ಬೆಲೆಯೂ ಇದೆ: 18ನೇ ನಡೆಗೆ ಸಿ5ರ ಕಾಲಾಳು ಒಂಟಿಯಾಯಿತು. ಟೊಪಲೊವ್ ಕುದುರೆಯನ್ನು ಬಿ3, ಎ5, ಸಿ4 ಎಂದು ಸುತ್ತಿಸಿದರು. ಆದರೆ ಸಿ8ರಿಂದ ಬಿ7ರ ಮೂಲಕ ಹೊರಬಂದ ಕಪ್ಪು ಒಂಟೆ ಎ8ಕ್ಕೆ ಸರಿದು ಕೂತಿತ್ತು, ಅದೇ ಕರ್ಣದಲ್ಲಿ ಜಿ2ರ ಮೇಲೆ ಬಿಳಿ ರಾಜನೂ ಇದ್ದ. ನಡುವೆ ಇದ್ದದ್ದು ಇ4, ಎಫ್3ರ ಎರಡು ಕಾಲಾಳು ಮಾತ್ರ. 30ನೇ ನಡೆಯಲ್ಲಿ ಆನಂದ್ ಎಫ್5ಕ್ಕೆ ತಳ್ಳಿದ ಕಾಲಾಳು ಕೆಣಕಿದ್ದೂ ಅವನ್ನೇ. ಇ4ರ ಕಾಲಾಳು ಎಫ್5ನ್ನು ಹೊಡೆಯಿತು. ಆನಂದ್ ತಮ್ಮ ಕಾಲಾಳನ್ನು ಇ4ಕ್ಕೆ ತಳ್ಳಿದರು. 32ನೇ ನಡೆಯಲ್ಲಿ ಎಫ್3ರ ಕಾಲಾಳು ಅದನ್ನೂ ಹೊಡೆಯಿತು. ಟೊಪಲೊವ್ ಸೋತಿದ್ದು ಅಲ್ಲೇ. ಮಂತ್ರಿ ಇ4ರಲ್ಲಿ ಹೊಡೆದು ಶಹ ಕೊಟ್ಟಿತು. ರಾಜ ಜಿ1ಕ್ಕೆ ಸರಿದರೆ ಎಚ್1ರಲ್ಲಿ ಒಂದೇ ನಡೆಗೆ ಮಾತ್. ಸಿ1ರಲ್ಲಿದ್ದ ಬಿಳಿ ಮಂತ್ರಿಗೆ ತನ್ನ ರಾಜನೇ ಅಡ್ಡ! ಎಚ್3ಕ್ಕೆ ಓಡಿದ ರಾಜನ ಬೆನ್ನಟ್ಟಿದ ಆನಂದ್ 56 ನಡೆಗಳಲ್ಲಿ ಗೆದ್ದರು. ಪ್ರಶಸ್ತಿ 6.5–5.5ರಿಂದ ಅವರಲ್ಲೇ ಉಳಿಯಿತು.