ಹಿತ್ತಿಲ ಗಲ್ಲಿಯಿಂದ ಮುಂಬಾಗಿಲಿಗೆ: ಮೈಸೂರಿನ ಮನೆಗಳು ಕಸ ವಿಂಗಡಿಸಲು ಕಲಿತ ಬಗೆ

ಕೇಂದ್ರ ಸರ್ಕಾರದ 2026ರ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ನಾಲ್ಕು ಭಾಗ ಮಾಡಬೇಕೆಂದು ಹೇಳುತ್ತವೆ: ಹಸಿ ಕಸ, ಒಣ ಕಸ, ಪ್ಯಾಡು, ಡೈಪರುಗಳಂತಹ ಸ್ಯಾನಿಟರಿ ಕಸ, ಜೊತೆಗೆ ಬಲ್ಬು, ಬಣ್ಣದ ಡಬ್ಬಿ, ಅವಧಿ ಮೀರಿದ ಔಷಧಿಗಳಂತಹ ಎಚ್ಚರಿಕೆ ಬೇಡುವ ಕಸ. ದೇಶದ ಅತ್ಯಂತ ಸ್ವಚ್ಛ ನಗರಗಳಲ್ಲೊಂದೆಂದು ಹಲವು ಬಾರಿ ಗುರುತಿಸಿಕೊಂಡ ಮೈಸೂರಿಗೆ ಇದು ಸುಲಭವೆಂದು ಹೊರಗಿನವರಿಗೆ ತೋರಬಹುದು. ಆದರೆ ಈ ಊರಿನಲ್ಲಿ ಕಸ ತೆಗೆಯುವ ವ್ಯವಸ್ಥೆಗೆ ನೂರು ವರ್ಷಕ್ಕೂ ಮೀರಿದ ಚರಿತ್ರೆಯಿದ್ದರೆ, ಕಸ ಬೇರ್ಪಡಿಸುವುದನ್ನು ಮನೆಯವರಿಗೆ ಕಲಿಸುವ ಪ್ರಯತ್ನಕ್ಕೆ ಹೆಚ್ಚೆಂದರೆ ಎರಡೂವರೆ ದಶಕದ ವಯಸ್ಸು.

ವ್ಯವಸ್ಥೆಯ ಮೂಲ ಪ್ಲೇಗಿನಲ್ಲಿದೆ. 19ನೇ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದೆರಗಿದ ಆ ರೋಗದ ಬೆನ್ನಿಗೇ, 1903ರಲ್ಲಿ, ನಗರಾಭಿವೃದ್ಧಿಗೆಂದು ಪ್ರತ್ಯೇಕ ಟ್ರಸ್ಟ್ ಬೋರ್ಡ್ ಸ್ಥಾಪನೆಯಾಯಿತು. ಇಕ್ಕಟ್ಟಾದ ಕೇರಿಗಳ ಬದಲು ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬಂದವು. ಹಳೆಯ ಬಡಾವಣೆಗಳಲ್ಲಿ ಎರಡು ಸಾಲು ಮನೆಗಳ ಬೆನ್ನಿನ ನಡುವೆ ಇಂದಿಗೂ ಕಾಣುವ ಕನ್ಸರ್ವೆನ್ಸಿ ಗಲ್ಲಿಗಳು ಆ ಕಾಲದ ಆಲೋಚನೆಯ ಕುರುಹು. ಮಲವನ್ನೂ ಕಸವನ್ನೂ ಮನೆಯ ಹಿಂದಿನಿಂದಲೇ ಸಾಗಿಸುವುದಕ್ಕಾಗಿ ಇದ್ದ ದಾರಿಗಳಿವು. ಸಾಗಿಸುವವರು ಯಾವ ಜಾತಿಯವರಾಗಿರಬೇಕೆಂಬುದು ಮೊದಲೇ ತೀರ್ಮಾನವಾಗಿದ್ದರಿಂದ, ಕಸದ ಬಗ್ಗೆ ಮನೆಯವರು ತಿಳಿಯಬೇಕಾದದ್ದು ಏನಾದರೂ ಇದೆಯೆಂದು ಯಾರಿಗೂ ಅನ್ನಿಸಿರಲಿಲ್ಲ. ಮಲ ಹೊರುವ ಪದ್ಧತಿಯನ್ನು ದೇವರಾಜ ಅರಸರ ಸಂಪುಟದಲ್ಲಿದ್ದ ಬಿ. ಬಸವಲಿಂಗಪ್ಪನವರು 1970ರ ದಶಕದಲ್ಲಿ ನಿಷೇಧಿಸಿದರು. ಆದರೆ ಕಸವೆಂದರೆ ಬೇರೆಯವರ ಕೆಲಸ ಎಂಬ ಭಾವನೆ ಅದರೊಂದಿಗೆ ಹೋಗಲಿಲ್ಲ. ಮುಂದೆ ವಿಂಗಡಣೆಯ ಪಾಠಕ್ಕೆ ಎದುರಾದ ಅತಿ ಗಟ್ಟಿಯಾದ ಅಡ್ಡಿ ಇದೇ ಎಂಬುದು ಈ ಲೇಖಕನ ಅಭಿಪ್ರಾಯ.

ಹಾಗೆಂದು ಹಿಂದಿನ ಮನೆಗಳಲ್ಲಿ ವಿಂಗಡಣೆಯೇ ಇರಲಿಲ್ಲವೆಂದಲ್ಲ. ತರಕಾರಿ ಸಿಪ್ಪೆ, ಅಕ್ಕಿ ತೊಳೆದ ನೀರು ಕಲಗಚ್ಚಿನ ಪಾತ್ರೆಗೆ ಬಿದ್ದು ಹಸುವಿನ ಹೊಟ್ಟೆ ಸೇರುತ್ತಿದ್ದವು, ಒಲೆಯ ಬೂದಿ ಪಾತ್ರೆ ಬೆಳಗಲು ಆಗುತ್ತಿತ್ತು, ಹಳೇ ಪೇಪರು ಮತ್ತು ಬಾಟಲಿ ಗುಜರಿಯವರ ತಕ್ಕಡಿಗೆ ಹೋಗುತ್ತಿದ್ದವು. ಮಂಡ್ಯದ ಕಡೆಯ ಹಳ್ಳಿಗಳಲ್ಲಿ ಉಳಿದುದೆಲ್ಲ ತಿಪ್ಪೆಗೆ ಸೇರಿ, ಗೊಬ್ಬರವಾಗಿ ಗದ್ದೆಗೆ ಹೋಗುತ್ತಿತ್ತು. ಇದನ್ನು ಯಾರೂ ಪರಿಸರ ಕಾಳಜಿ ಎಂದು ಕರೆದಿರಲಿಲ್ಲ; ಪ್ರತಿಯೊಂದಕ್ಕೂ ಒಂದು ಬೆಲೆ ಅಥವಾ ಒಂದು ಬಾಯಿ ಇತ್ತು, ಅಷ್ಟೆ. ಬಡಾವಣೆಗಳಿಂದ ಹಸುಗಳು ಮರೆಯಾಗಿ, ಗ್ಯಾಸ್ ಒಲೆ ಬಂದು, ಹಾಲಿನಿಂದ ಶಾಂಪೂವರೆಗೆ ಎಲ್ಲವೂ ಪೊಟ್ಟಣಗಳಲ್ಲಿ ಮನೆಗೆ ಬರತೊಡಗಿದಾಗ ಈ ಕ್ರಮ ಮುರಿಯಿತು. ಹಾಲಿನ ಕವರನ್ನು ತೊಳೆದಿಟ್ಟರೆ ಗುಜರಿಯವರು ಕೊಳ್ಳುತ್ತಾರೆ, ಆದರೆ ಪ್ಲಾಸ್ಟಿಕ್ ಮತ್ತು ಅಲ್ಯೂಮಿನಿಯಂ ಪದರಗಳನ್ನು ಅಂಟಿಸಿ ಮಾಡಿದ ಚಿಪ್ಸ್ ಪೊಟ್ಟಣವನ್ನು ಅವರು ಮುಟ್ಟುವುದಿಲ್ಲ.

ಬೀದಿ ಮೂಲೆಯ ಕಸದ ತೊಟ್ಟಿಗಳ ಕಾಲ ಇದಕ್ಕೆ ಹೊಂದಿಕೊಂಡು ಬಂತು: ಎಲ್ಲವನ್ನೂ ಒಂದೇ ಕವರಿನಲ್ಲಿ ಕಟ್ಟಿ ಎಸೆದರೆ ಮುಗಿಯಿತು. ಪರಿಸರ ಹೋರಾಟಗಾರ್ತಿ ಅಲ್ಮಿತ್ರಾ ಪಟೇಲ್ ಅವರು ನಗರಗಳ ಕಸದ ಬಗ್ಗೆ 1996ರಲ್ಲಿ ಸುಪ್ರೀಂ ಕೋರ್ಟಿಗೆ ಸಲ್ಲಿಸಿದ ಅರ್ಜಿಯ ಹಿನ್ನೆಲೆಯಲ್ಲಿ ರೂಪುಗೊಂಡ 2000ದ ನಿಯಮಗಳು ಮನೆ ಮನೆ ಸಂಗ್ರಹವನ್ನು, ಮೂಲದಲ್ಲೇ ವಿಂಗಡಣೆಯನ್ನು ಮೊದಲ ಬಾರಿಗೆ ನಗರಸಭೆಗಳ ಹೊಣೆಯಾಗಿಸಿದವು. ಮೈಸೂರು ಮೊದಲು ಮಾಡಿದ್ದು ಯಂತ್ರದ ಕೆಲಸ. ವಿದ್ಯಾರಣ್ಯಪುರಂನಲ್ಲಿ ನಗರದ ಕೊಳಚೆ ನೀರು ಸೇರುವ ಸೂಯೇಜ್ ಫಾರ್ಮ್ ಆವರಣದಲ್ಲಿ ದಿನಕ್ಕೆ 200 ಟನ್ ಸಾಮರ್ಥ್ಯದ ಗೊಬ್ಬರ ಘಟಕ ಬಂದಿತು. ಇಂದು ನಗರದ ಕಸ ದಿನಕ್ಕೆ 400 ಟನ್ನನ್ನು ಮೀರುತ್ತದೆ. ಸಾಮರ್ಥ್ಯದ ಕೊರತೆಗಿಂತ ದೊಡ್ಡ ತೊಂದರೆ ಕಸದ ಸ್ವರೂಪದ್ದು: ಬೆರೆತ ಕಸದಿಂದ ಆಗುವ ಗೊಬ್ಬರದಲ್ಲಿ ಗಾಜಿನ ಚೂರು, ಪ್ಲಾಸ್ಟಿಕ್ ತುಣುಕುಗಳಿರುವುದರಿಂದ ರೈತರು ಅದನ್ನು ಹೊಲಕ್ಕೆ ಹಾಕಲು ಹಿಂಜರಿಯುತ್ತಾರೆ, ಸಾರು ಅನ್ನ ಮೆತ್ತಿಕೊಂಡ ಕಾಗದಕ್ಕೆ ಗುಜರಿಯಲ್ಲಿ ಬೆಲೆ ಸಿಗುವುದಿಲ್ಲ. ಹೀಗೆ ಯಾರಿಗೂ ಬೇಡವಾದದ್ದು ಅಲ್ಲೇ ರಾಶಿ ಬಿದ್ದು ಗುಡ್ಡವಾಯಿತು. ಸುತ್ತಲಿನ ಬಡಾವಣೆಯವರು ವಾಸನೆ ಮತ್ತು ಬೆಂಕಿಯ ಹೊಗೆಯ ವಿರುದ್ಧ ದೂರುತ್ತಲೇ ಬಂದರು.

ಪಾಠ ನಿಜವಾಗಿ ಆರಂಭವಾದದ್ದು ಸಣ್ಣ ಘಟಕಗಳಲ್ಲಿ. ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ನಿರ್ವಹಣಾ ಘಟಕ ಅವುಗಳಲ್ಲಿ ಹೆಚ್ಚು ಹೆಸರಾದದ್ದು. ವಾರ್ಡಿನ ನಿವಾಸಿಗಳು ಮತ್ತು ಮಹಿಳಾ ಗುಂಪುಗಳು ಕೈಜೋಡಿಸಿ ನಡೆಸಿದ ಈ ಘಟಕದಲ್ಲಿ ಒಣ ಕಸವನ್ನು ಬಾಟಲಿ, ರಟ್ಟು, ಕವರು, ಚಪ್ಪಲಿ, ಲೋಹ ಎಂದು ಹತ್ತಾರು ಬಗೆಯಾಗಿ ಬಿಡಿಸಿ ಮಾರಲಾಗುತ್ತದೆ. ಹಸಿ ಕಸ ಗೊಬ್ಬರವಾಗಿ ರೈತರಿಗೆ ಹೋಗುತ್ತದೆ. ಮಾರಾಟದ ಹಣದಿಂದಲೇ ಕೂಲಿ ಸಲ್ಲಬೇಕಾದ ಕಡೆ, ಮನೆಯಿಂದ ಬೆರೆತ ಕಸ ಬಂದರೆ ನಷ್ಟ ಅದೇ ದಿನ ಗೊತ್ತಾಗುತ್ತದೆ. ಆದ್ದರಿಂದ ಇಲ್ಲಿ ತಿಳಿವಳಿಕೆ ಹೇಳುವುದು ವರ್ಷಕ್ಕೊಂದು ಕಾರ್ಯಕ್ರಮವಾಗಿ ಉಳಿಯದೆ ನಿತ್ಯದ ಅಗತ್ಯವಾಯಿತು. ಸೀಟಿ ಊದಿಕೊಂಡು ತಳ್ಳುಗಾಡಿಯೊಂದಿಗೆ ಬಾಗಿಲಿಗೆ ಬರುವ ಪೌರಕಾರ್ಮಿಕರು ಬಕೆಟ್ಟಿನೊಳಗೆ ಇಣುಕಿ, ‘ಇದು ಬೇರೆ ಮಾಡಿ ಕೊಡಿ ಅಮ್ಮಾ’ ಎಂದು ಹೇಳುವ ಮಾತಿಗೆ ಇರುವ ಶಕ್ತಿ ಯಾವ ಕರಪತ್ರಕ್ಕೂ ಇಲ್ಲ. ಕಸವನ್ನು ನೋಡಿ ತಪ್ಪನ್ನು ಆಗಲೇ ತೋರಿಸಬಲ್ಲವರು ಅವರೊಬ್ಬರೇ.

ಆಮೇಲೆ ಬಂದದ್ದು ಶ್ರೇಯಾಂಕಗಳ ಕಾಲ. 2015ರಲ್ಲಿ ಪ್ರಕಟವಾದ 476 ನಗರಗಳ ಸ್ವಚ್ಛತೆಯ ಪಟ್ಟಿಯಲ್ಲೂ ಕೇಂದ್ರದ ಸ್ವಚ್ಛತಾ ಸಮೀಕ್ಷೆಯಾದ 2016ರ ಸ್ವಚ್ಛ ಸರ್ವೇಕ್ಷಣೆಯಲ್ಲೂ ಮೈಸೂರು ಮೊದಲ ಸ್ಥಾನ ಪಡೆಯಿತು, 2017ರಲ್ಲಿ ಐದಕ್ಕಿಳಿಯಿತು. ಸಮೀಕ್ಷೆಯಲ್ಲಿ ನಾಗರಿಕರ ಅಭಿಪ್ರಾಯಕ್ಕೂ ಅಂಕಗಳಿದ್ದುದರಿಂದ ಪ್ರಚಾರಕ್ಕೆ ಹಣವೂ ಉತ್ಸಾಹವೂ ಹರಿದು ಬಂದವು: ಗೋಡೆ ಚಿತ್ರ, ಬೀದಿ ನಾಟಕ, ಶಾಲಾ ಮಕ್ಕಳ ಜಾಥಾ. ಮಕ್ಕಳ ಮೂಲಕ ಮಾತು ಮನೆ ಸೇರಿತೆಂಬುದನ್ನು ಒಪ್ಪಬೇಕು. ಆದರೆ ಪ್ರಚಾರದ ಭರ ಸಮೀಕ್ಷೆಯ ದಿನಗಳ ಸುತ್ತಲೇ ಏರಿ ಇಳಿಯುತ್ತಿತ್ತು. 2016ರ ಏಪ್ರಿಲಿನಲ್ಲಿ ಹೊರಬಂದ ಹೊಸ ನಿಯಮಗಳು ಮನೆಯ ಕಸವನ್ನು ಹಸಿ, ಒಣ, ಅಪಾಯಕಾರಿ ಎಂದು ಮೂರು ಭಾಗ ಮಾಡಿದವು. ಕೇಂದ್ರದ ಮಾದರಿಯಲ್ಲಿ ಹಸಿ ಕಸಕ್ಕೆ ಹಸಿರು, ಒಣ ಕಸಕ್ಕೆ ನೀಲಿ ಬುಟ್ಟಿ. ಬೆಂಗಳೂರಿನಲ್ಲಿ ಅದಕ್ಕೆ ಮೊದಲೇ ಹಸಿ ಕಸಕ್ಕೆ ಹಸಿರು, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಒಂದು ಚೀಲ ಎಂದಾಗಿತ್ತು. ಮಗಳ ಮನೆಗೆಂದು ಬೆಂಗಳೂರಿಗೆ ಹೋಗಿ ಬಂದ ಮೈಸೂರಿನ ಅಜ್ಜಿಗೆ ಬಣ್ಣಗಳು ಗೊಂದಲವಾದರೆ ಅವರನ್ನು ದೂರುವಂತಿಲ್ಲ.

ಕಲಿತವರು ಕಲಿತದ್ದನ್ನು ಬಿಡುವುದಕ್ಕೂ ಕಾರಣಗಳಿವೆ. ಬೇರೆ ಬೇರೆಯಾಗಿ ಕೊಟ್ಟ ಕಸ ಕಣ್ಣೆದುರೇ ಆಟೋ ಟಿಪ್ಪರಿನಲ್ಲಿ ಒಂದಾಗುವುದನ್ನು ಒಮ್ಮೆ ನೋಡಿದ ಮನೆಯವರಿಗೆ ಎರಡನೇ ಬಾರಿ ಹೇಳುವುದು ಕಷ್ಟ. ಆರು ತಿಂಗಳಿಗೊಮ್ಮೆ ಬಾಡಿಗೆದಾರರು ಬದಲಾಗುವ ಪಿಜಿಗಳಲ್ಲಿ, ಬೆಳಿಗ್ಗೆ ಏಳಕ್ಕೇ ಬೀಗ ಬೀಳುವ ಮನೆಗಳಲ್ಲಿ ಬಾಗಿಲ ಪಾಠಕ್ಕೆ ಕೇಳುಗರೇ ಇರುವುದಿಲ್ಲ. ನಗರದ ಅಂಚಿನ ಬಡಾವಣೆಗಳು ಬಹುಕಾಲ ಗ್ರಾಮ ಪಂಚಾಯಿತಿಗಳ ಕೈಯಲ್ಲಿದ್ದು, ಹೂಟಗಳ್ಳಿ ನಗರಸಭೆ ಮತ್ತು ಬೋಗಾದಿ, ಶ್ರೀರಾಂಪುರದಂತಹ ಪಟ್ಟಣ ಪಂಚಾಯಿತಿಗಳು ರೂಪುಗೊಂಡ ಮೇಲಷ್ಟೇ ಅಲ್ಲಿ ನಗರದ ರೀತಿಯ ಸಂಗ್ರಹಕ್ಕೆ ಆಧಾರ ದೊರೆಯಿತು.

ಹಳ್ಳಿಗಳ ಕಡೆ ನೋಡಿದರೆ, ಗ್ರಾಮ ಪಂಚಾಯಿತಿಗಳ ಸ್ವಚ್ಛ ವಾಹಿನಿ ಗಾಡಿಗಳನ್ನೂ ಒಣ ಕಸ ವಿಂಗಡಿಸುವ ಘಟಕಗಳನ್ನೂ ಸ್ವಸಹಾಯ ಸಂಘಗಳ ಮಹಿಳೆಯರು ನಡೆಸುತ್ತಿದ್ದಾರೆ. ಊರಿನವರೇ ಆದ ಹೆಣ್ಣುಮಗಳು ಗಾಡಿ ನಿಲ್ಲಿಸಿ ಕೇಳಿದರೆ ಇಲ್ಲವೆನ್ನುವುದು ಸುಲಭವಲ್ಲ. ಹಸಿ ಕಸದ ಪಾಠ ಅಲ್ಲಿ ಹೆಚ್ಚು ಬೇಕಾಗಿಲ್ಲ, ತಿಪ್ಪೆ ಇನ್ನೂ ಇದೆ. ಕಷ್ಟವಿರುವುದು ಈಗ ಪ್ರತ್ಯೇಕವಾಗಿ ಕೊಡಬೇಕಾದ ಸ್ಯಾನಿಟರಿ ಕಸದಲ್ಲಿ. ಪ್ಯಾಡು, ಡೈಪರುಗಳನ್ನು ಕಾಗದದಲ್ಲಿ ಸುತ್ತಿ ಗುರುತು ಹಾಕಿ ಕೊಡಿ ಎನ್ನುವುದು ಒಂದು ವಾಕ್ಯದ ಸೂಚನೆ. ಗಂಡಸರೇ ಗಾಡಿಯೊಂದಿಗೆ ನಿಂತಿರುವ ಬೀದಿಯಲ್ಲಿ ಅದನ್ನು ಕೈಗೆ ಕೊಡಲು ಹಿಂಜರಿಯುವ ಹೆಂಗಸರು ಅದನ್ನು ಕರಿ ಕವರಿನಲ್ಲಿ ಕಟ್ಟಿ ಒಣ ಕಸದ ನಡುವೆ ಅಡಗಿಸುತ್ತಾರೆ. ಆ ಕವರನ್ನು ಬರಿಗೈಯಲ್ಲಿ ಬಿಚ್ಚುವ ಪಾಲು ವಿಂಗಡಣೆಯ ಮೇಜಿನ ಬಳಿ ಕುಳಿತ ಇನ್ನೊಬ್ಬ ಹೆಂಗಸಿನದಾಗುತ್ತದೆ.