ಗಾಸ್ಪಾರ್ ಕೊನೆಗೆ ಯಾರನ್ನು ಆರಿಸಿಕೊಂಡ?

ಪ್ರಶ್ನೆ: ಫ್ರೆಂಚ್ ನಿರ್ದೇಶಕ ಎರಿಕ್ ರೊಮೇರ್ ಅವರ ‘ಬೇಸಿಗೆಯ ಕಥೆ’ ಸಿನಿಮಾ ನೋಡಿದೆ. ಲೆನಾ, ಸೊಲೆನ್, ಮಾರ್ಗೋ ಈ ಮೂವರು ಹುಡುಗಿಯರಲ್ಲಿ ಗಾಸ್ಪಾರ್‌ಗೆ ನಿಜವಾಗಿ ಇಷ್ಟವಾದವಳು ಯಾರು? ಅವನು ಯಾರನ್ನೂ ಒಪ್ಪಿಕೊಳ್ಳದೆ ಹೊರಟುಹೋಗುತ್ತಾನಲ್ಲ, ನಿರ್ದೇಶಕರು ಕಥೆಯನ್ನು ಅರ್ಧಕ್ಕೇ ಬಿಟ್ಟರಾ?

ಈ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಸಾಕಾಗಿದೆ. ಆದರೂ ಸಿನಿಮಾ ನನಗೆ ಬಲು ಇಷ್ಟ, ಅದಕ್ಕೇ ಇನ್ನೊಂದು ಸಲ ಹೇಳುತ್ತೇನೆ. ಫ್ರಾನ್ಸಿನ ದಿನಾರ್ ಎಂಬ ಕಡಲೂರಿಗೆ ರಜೆಗೆ ಬಂದ, ಹಾಡು ಕಟ್ಟುವ ಹುಡುಗ ಗಾಸ್ಪಾರ್ ಯಾರನ್ನೂ ಆರಿಸಿಕೊಳ್ಳಲಿಲ್ಲ. ಕೊನೆಯ ದಿನ ಸೊಲೆನ್, ಲೆನಾ ಇಬ್ಬರೂ ಫೋನ್ ಮಾಡುತ್ತಾರೆ, ಇಬ್ಬರಿಗೂ ಅವನ ಜೊತೆ ವೆಸ್ಸಾಂ ದ್ವೀಪಕ್ಕೆ ಹೋಗಬೇಕು. ಅಷ್ಟರಲ್ಲಿ ಗೆಳೆಯನ ಫೋನ್ ಬರುತ್ತದೆ. ಲಾ ರೊಷೆಲ್ ಊರಲ್ಲಿ ಎಂಟು ಟ್ರ್ಯಾಕಿನ ಟೇಪ್ ರೆಕಾರ್ಡರ್ ಒಂದು ಒಳ್ಳೆಯ ಬೆಲೆಗೆ ಸಿಗುತ್ತದಂತೆ, ತಕ್ಷಣ ಬರಬೇಕಂತೆ. ಇವನು ಬ್ಯಾಗು, ಗಿಟಾರು ಎತ್ತಿಕೊಂಡು ಹೊರಡುತ್ತಾನೆ. ಕಥೆ ಪೂರ್ತಿಯಾಗಿಯೇ ಮುಗಿದಿದೆ, ಅರ್ಧಕ್ಕೇನೂ ನಿಂತಿಲ್ಲ.

ಇಷ್ಟು ಹೇಳಿದ ಕೂಡಲೇ ಎದುರಿನಿಂದ ಬರುವ ಮಾತು ಒಂದೇ. ‘ಅದೆಲ್ಲ ಸುಮ್ನೆ ಆಗಿದ್ದು ಸಾರ್, ರೊಮೇರ್ ಸ್ಕ್ರಿಪ್ಟ್ ಬರೆಯುತ್ತಲೇ ಇರಲಿಲ್ಲ. ಕ್ಯಾಮೆರಾ ಇಟ್ಟು ಹುಡುಗ ಹುಡುಗಿಯರನ್ನು ಮಾತಾಡಲು ಬಿಡುತ್ತಿದ್ದರು.’ ಈ ನಂಬಿಕೆ ತಪ್ಪು. ಇದು ತಲೆಯಲ್ಲಿ ಇರುವವರೆಗೂ ಈ ಸಿನಿಮಾ ಅರ್ಥವಾಗುವುದಿಲ್ಲ. ಹಾಗಾಗಿ ಇದನ್ನು ಸ್ವಲ್ಪ ನಿಧಾನವಾಗಿ ಬಿಡಿಸಿ ಹೇಳಬೇಕು.

ನಂಬಿಕೆ ಎಲ್ಲಿಂದ ಬಂತು ಅನ್ನುವುದು ಗೊತ್ತು. ರೊಮೇರ್ 1986ರಲ್ಲಿ ‘ಹಸಿರು ಕಿರಣ’ ಅಂತ ಒಂದು ಸಿನಿಮಾ ಮಾಡಿದರು. ಅದನ್ನು 16 ಎಂಎಂ ಫಿಲ್ಮಿನಲ್ಲಿ, ಬೆರಳೆಣಿಕೆಯ ಜನರನ್ನು ಇಟ್ಟುಕೊಂಡು ತೆಗೆದರು. ಅದರಲ್ಲಿ ನಟರೇ ಮಾತುಗಳನ್ನು ಹುಟ್ಟಿಸಿಕೊಂಡು ಆಡಿದ್ದು ನಿಜ. ಆ ಸಿನಿಮಾಕ್ಕೆ ವೆನಿಸ್ ಉತ್ಸವದಲ್ಲಿ ಗೋಲ್ಡನ್ ಲಯನ್ ಬಂತು, ಹೆಸರಾಯಿತು. ಆಮೇಲೆ ಜನ ಆ ಒಂದು ಸಿನಿಮಾದ ಪದ್ಧತಿಯನ್ನು ಅವರ ಎಲ್ಲ ಸಿನಿಮಾಗಳಿಗೂ ಅಂಟಿಸಿಬಿಟ್ಟರು. ರೊಮೇರ್ ಮೂಲತಃ ಬರಹದ ಮನುಷ್ಯ. ಸಾಹಿತ್ಯದ ಮೇಷ್ಟರಾಗಿದ್ದವರು, ಸಿನಿಮಾ ಪತ್ರಿಕೆಯ ಸಂಪಾದಕರಾಗಿದ್ದವರು. ಅವರ ‘ಆರು ನೀತಿ ಕಥೆಗಳು’ ಸರಣಿ ಸಿನಿಮಾ ಆಗುವ ಮೊದಲು ಕಾಗದದ ಮೇಲೆ ಕಥೆಗಳಾಗಿಯೇ ಇತ್ತು. ತಾಳಮದ್ದಳೆಯ ಅರ್ಥಧಾರಿ ಕೂತಲ್ಲೇ ಮಾತು ಕಟ್ಟುತ್ತಾನಲ್ಲ, ‘ಬೇಸಿಗೆಯ ಕಥೆ’ಯ ಮಾತು ಆ ಥರದ್ದಲ್ಲ. ಮೊದಲೇ ಬರೆದದ್ದು, ನಟರು ಕಲಿತು ಆಡಿದ್ದು.

ಇದಕ್ಕೆ ಹೊರಗಿನ ಸಾಕ್ಷಿ ಬೇಕಿಲ್ಲ. ಗಾಸ್ಪಾರ್ ಹೇಳುವ ಸುಳ್ಳುಗಳನ್ನೇ ನೋಡಿ. ವೆಸ್ಸಾಂ ದ್ವೀಪಕ್ಕೆ ಹೋಗುವ ಮಾತನ್ನು ಮೊದಲು ಲೆನಾ ಜೊತೆ ಆಡಿರುತ್ತಾನೆ. ಆಮೇಲೆ ಸೊಲೆನ್‌ಗೂ ಒಪ್ಪಿಕೊಳ್ಳುತ್ತಾನೆ. ಮಾರ್ಗೋ ಹತ್ತಿರವೂ ಅದೇ ಮಾತು. ಹಾಡಿನ ವಿಷಯವೂ ಹಾಗೇ. ಸಮುದ್ರಗಳ್ಳನ ಮಗಳ ಮೇಲೆ ಒಂದು ನಾವಿಕರ ಹಾಡು ಕಟ್ಟುತ್ತಾನೆ. ಕಟ್ಟಿದ್ದು ಲೆನಾಗೆ, ಕೊಟ್ಟಿದ್ದು ಸೊಲೆನ್‌ಗೆ. ಅವಳು ಹಾಳೆ ನೋಡಿಕೊಂಡೇ ಹಾಡುತ್ತಾಳೆ, ಮುಂದೆ ದೋಣಿಯಲ್ಲಿ ಅಕಾರ್ಡಿಯನ್ ಜೊತೆ ಎಲ್ಲರೂ ದನಿಗೂಡಿಸುತ್ತಾರೆ. ಒಬ್ಬಳಿಗೆ ಹೇಳಿದ ಮಾತು ಎರಡು ದಿನ ಬಿಟ್ಟು ಇನ್ನೊಬ್ಬಳ ಮುಂದೆ ಇವನ ಕಾಲಿಗೇ ತೊಡರಬೇಕು. ನಟರು ಆ ಕ್ಷಣಕ್ಕೆ ತೋಚಿದ್ದು ಆಡುತ್ತಾ ಹೋಗಿದ್ದರೆ ಇಷ್ಟು ಸಿಕ್ಕು ಇಷ್ಟು ಲೆಕ್ಕಬದ್ಧವಾಗಿ ಕೂರುತ್ತಿತ್ತಾ?

ಆ ಹಾಡಿನ ಬಗ್ಗೆ ಇನ್ನೊಂದು ಮಾತು. ಅದರ ಸಂಗೀತ ಸೆಬಾಸ್ಟಿಯನ್ ಎರ್ಮ್ಸ್ ಅನ್ನುವವರದು ಅಂತ ಟೈಟಲ್‌ನಲ್ಲಿ ಬರುತ್ತದೆ. ಅಂಥ ಮನುಷ್ಯ ಯಾರೂ ಇಲ್ಲ. ರೊಮೇರ್ ಮತ್ತು ಅವರ ಸಂಕಲನಕಾರ್ತಿ ಮೇರಿ ಸ್ಟೀಫನ್ ಸೇರಿ ಇಟ್ಟುಕೊಂಡ ಹೆಸರು ಅದು. ಇಬ್ಬರ ಹೆಸರಿನ ಮೊದಲ ಅಕ್ಷರಗಳನ್ನು ಕೂಡಿಸಿ ‘ಎರ್ಮ್ಸ್’ ಮಾಡಿದ್ದಾರೆ. ನಾಯಕ ಗಿಟಾರಿನಲ್ಲಿ ತಡಕಾಡುವ ರಾಗವನ್ನೂ ಮೊದಲೇ ತಾವೇ ಕೂತು ಮಾಡಿಟ್ಟ ನಿರ್ದೇಶಕ, ಮಾತನ್ನು ಗಾಳಿಗೆ ಬಿಡುತ್ತಾರಾ?

ದಿನಾಂಕ ನೋಡಿ. ಪ್ರತಿ ದಿನದ ಆರಂಭಕ್ಕೆ ತೆರೆಯ ಮೇಲೆ ವಾರ, ತಾರೀಖು ಬರುತ್ತದೆ. ಜುಲೈ 17ರ ಸೋಮವಾರ ಶುರು, ಆಗಸ್ಟ್ 6ರ ಭಾನುವಾರ ಮುಕ್ತಾಯ. ಸರಿಯಾಗಿ ಮೂರು ವಾರ. ನಿರ್ಧಾರ ಮಾಡಲಾಗದ ಹುಡುಗನ ಕಥೆಗೆ ಕ್ಯಾಲೆಂಡರ್‌ನ ಬೇಲಿ ಹಾಕಿದ್ದಾರೆ ರೊಮೇರ್. ರಜೆ ಮುಗಿದರೆ ನಾಂತ್ ಊರಲ್ಲಿ ಕೆಲಸ ಕಾದಿದೆ. ದಿನ ಕಳೆದಂತೆ ನಮಗೇ ಉಸಿರು ಕಟ್ಟುತ್ತದೆ, ಅವನಿಗೆ ಕಟ್ಟುವುದಿಲ್ಲ.

ಮಾತು ಸಹಜವಾಗಿದೆ, ಆದ್ದರಿಂದ ಬರೆದದ್ದಲ್ಲ ಅನ್ನುವುದು ಬರೆಯುವವರಿಗೆ ಮಾಡುವ ಅನ್ಯಾಯ. ಇಪ್ಪತ್ತರ ಆಸುಪಾಸಿನ ಹುಡುಗ ತನ್ನ ಬಗ್ಗೆ ತಾನೇ ಕೊರೆಯುವುದನ್ನು ಇಷ್ಟು ನಿಖರವಾಗಿ ಹಿಡಿದ ರೊಮೇರ್‌ಗೆ ಚಿತ್ರೀಕರಣದ ಹೊತ್ತಿಗೆ 75 ವರ್ಷ. ಇದನ್ನು ಹೇಳುವಾಗ ಪ್ರತಿ ಸಲವೂ ನನಗೆ ಖುಷಿಯಾಗುತ್ತದೆ.

ಈಗ ನಿಮ್ಮ ಪ್ರಶ್ನೆಗೆ. ಆರಿಸಿಕೊಳ್ಳಲಿಲ್ಲ ಸರಿ, ಇಷ್ಟವಾದವಳು ಯಾರು? ನನ್ನ ಉತ್ತರ ಮಾರ್ಗೋ. ಮೊದಲ ದಿನಗಳ ಒಂದು ಚಿಕ್ಕ ದೃಶ್ಯ ಮತ್ತೆ ಹಾಕಿ ನೋಡಿ. ಗಾಸ್ಪಾರ್ ಬಂದಿಳಿದ ಮೇಲೆ ಕೆಲವು ನಿಮಿಷ ಯಾರ ಜೊತೆಗೂ ಮಾತಿಲ್ಲ. ಸುಮ್ಮನೆ ಅಲೆಯುತ್ತಾನೆ. ತೆಳು ದೋಸೆಯಂಥ ಕ್ರೇಪ್ ಮಾಡುವ ಹೋಟೆಲಿಗೆ ಹೋಗುತ್ತಾನೆ. ತಂದುಕೊಡುವವಳು ಮಾರ್ಗೋ. ಆಮೇಲೆ ಬೀಚಿನಲ್ಲಿ ಅವಳೇ ನಗುತ್ತಾ ಮಾತಾಡಿಸಿದರೆ ಇವನಿಗೆ ಗುರುತೇ ಸಿಗುವುದಿಲ್ಲ. ಪರಿಚಾರಿಕೆ ಅಂದುಕೊಂಡವಳು ಜನಾಂಗ ಅಧ್ಯಯನದಲ್ಲಿ ಸಂಶೋಧನೆ ಮಾಡುತ್ತಿರುವವಳು, ರಜೆಯಲ್ಲಿ ಚಿಕ್ಕಮ್ಮನ ಹೋಟೆಲಿನಲ್ಲಿ ಕೈಜೋಡಿಸಿದ್ದಾಳೆ. ಕಣ್ಣೆದುರು ಇದ್ದವಳನ್ನು ಕಾಣದೆ ಹೋಗುವುದು ಅಲ್ಲೇ ಶುರುವಾಯಿತು. ಲೆನಾ ಮುಂದೆ ಅಂಗಲಾಚುತ್ತಾನೆ, ಸೊಲೆನ್ ಮುಂದೆ ಗಂಡಸುತನ ತೋರಿಸಲು ಹೋಗುತ್ತಾನೆ. ಮಾರ್ಗೋ ಜೊತೆ ಮಾತ್ರ ನಡೆಯುತ್ತಾನೆ, ಮಾತಾಡುತ್ತಾನೆ. ಇನ್ನೇನೂ ಆಗಬೇಕಿಲ್ಲ ಅವನಿಗೆ. ಅವಳಿಗೂ ದೂರದ ದೇಶದಲ್ಲಿ ಒಬ್ಬ ಗೆಳೆಯನಿದ್ದಾನೆ ಅನ್ನುವುದು ಇಬ್ಬರಿಗೂ ಅನುಕೂಲವಾದ ನೆಪ.

ಯಾರೂ ಕೇಳದ ಇನ್ನೊಂದು ಪ್ರಶ್ನೆ ಇದೆ. ನಾನೇ ಕೇಳಿಕೊಂಡು ಹೇಳುತ್ತೇನೆ. ಅದೇ ದಿನಾರ್ ಊರು, ಅದೇ ಬೀಚು. ಒಂದು ದೃಶ್ಯದಲ್ಲಿ ನೀರು ಕಾಲಬುಡದಲ್ಲಿ, ಇನ್ನೊಂದರಲ್ಲಿ ಎಲ್ಲೋ ದೂರದಲ್ಲಿ, ನಡುವೆ ಹರವಿದ ಒದ್ದೆ ಮರಳು. ಇದು ಯಾಕೆ?

ಫ್ರಾನ್ಸಿನ ಬ್ರಿಟನಿ ಪ್ರಾಂತ್ಯದ ಆ ತುಂಡು ಕಡಲು ಯುರೋಪಿನಲ್ಲೇ ಅತಿ ದೊಡ್ಡ ಉಬ್ಬರ ಇಳಿತ ಇರುವ ಜಾಗಗಳಲ್ಲಿ ಒಂದು. ನಮ್ಮ ಕರಾವಳಿಯಲ್ಲಿ ನೀರು ಏರಿ ಇಳಿಯುವುದು ಒಂದೆರಡು ಮೀಟರ್. ಅಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸು 12 ಮೀಟರ್ ದಾಟುವುದೂ ಉಂಟು. ನಾಲ್ಕು ಮಹಡಿಯಷ್ಟು ನೀರು ಸುಮಾರು ಆರು ಗಂಟೆಯಲ್ಲಿ ಬಂದು, ಹೆಚ್ಚುಕಡಿಮೆ ಅಷ್ಟೇ ಹೊತ್ತಿನಲ್ಲಿ ವಾಪಸ್ ಹೋಗುತ್ತದೆ. ದಿನಾರ್ ಮತ್ತು ಸೇಂ ಮಾಲೋ ಊರುಗಳ ನಡುವೆ ರಾನ್ಸ್ ನದಿ ಸಮುದ್ರ ಸೇರುತ್ತದೆ. ಇಂಥ ಕಡಲ ದಂಡೆಯಲ್ಲಿ ಇಬ್ಬರು ನಡೆಯುತ್ತಾ ನಿಮಿಷಗಟ್ಟಲೆ ಮಾತಾಡುವ ದೃಶ್ಯ ತೆಗೆಯಬೇಕಾದರೆ, ನೀರು ಯಾವಾಗ ಎಲ್ಲಿರುತ್ತದೆ ಅಂತ ಮೊದಲೇ ಗೊತ್ತಿರಬೇಕು. ತಡಮಾಡಿದರೆ ಜಾಗವೇ ಮಾಯ. ಇದೂ ಸುಮ್ನೆ ಆಗುವಂಥದ್ದಲ್ಲ.

ಆ ನದೀಮುಖವನ್ನು ದಾಟುವ ಚಿಕ್ಕ ದೋಣಿಯಲ್ಲೇ ಗಾಸ್ಪಾರ್ ಮೊದಲ ದಿನ ಬಂದಿದ್ದು, ಕೊನೆಯ ದಿನ ಹೋಗಿದ್ದು. ಕಟ್ಟೆಯ ಮೇಲೆ ಬೀಳ್ಕೊಡಲು ಬಂದಿರುವವಳು ಮಾರ್ಗೋ. ಮುತ್ತು ಕೊಡುತ್ತಾಳೆ, ತನ್ನ ಗೆಳೆಯ ಸೆಪ್ಟೆಂಬರಿನಲ್ಲಿ ವಾಪಸ್ ಬರುತ್ತಾನೆ ಅಂತಲೂ ಹೇಳುತ್ತಾಳೆ. ದೋಣಿ ಹೊರಟ ಮೇಲೂ ಅಲ್ಲೇ ನಿಂತಿರುತ್ತಾಳೆ.